ನಿನ್ನೆಯ ಪಾಸ್ತಾ ಮತ್ತು ಇವತ್ತಿನ ಒಲೆ

ಮಕ್ಕಳಿರುವ ಮನೆಗಳಲ್ಲಿ ಪಾಸ್ತಾ ಈಗ ಅಪರೂಪದ ತಿಂಡಿಯಲ್ಲ. ಒಣಗಿದಾಗ ಸ್ವಲ್ಪವೇ ಕಾಣುವ ಅದು ಬೆಂದ ಮೇಲೆ ತೂಕದಲ್ಲಿ ಎರಡು ಪಟ್ಟಿಗೂ ಹೆಚ್ಚಾಗುತ್ತದೆ. ಹಾಗಾಗಿ ಅಳತೆ ತಪ್ಪುವುದು ಸುಲಭ, ಉಳಿಯುವುದು ಸಹಜ. ಉಳಿದದ್ದನ್ನು ಮರುದಿನ ಬಿಸಿ ಮಾಡಿದರೆ ಒಂದೋ ಅಂಚುಗಳು ಒಣಗಿ ಬಿರುಸಾಗುತ್ತವೆ, ಇಲ್ಲವೇ ಎಲ್ಲವೂ ಮೆತ್ತಗಾಗಿ ಮುದ್ದೆಯಾಗುತ್ತದೆ. ಹಿಂದಿನ ದಿನ ಸಾಸ್‌ನಲ್ಲಿ ತೇಲುತ್ತಿದ್ದದ್ದು ಇವತ್ತು ಒಣಕಲಾಗಿ ಡಬ್ಬಿಯ ಆಕಾರದಲ್ಲೇ ಹೊರಬರುತ್ತದೆ.

ಈ ಪಾಸ್ತಾವನ್ನು ಬಿಸಿ ಮಾಡುವುದು ಹೇಗೆ ಎಂದು ಕೇಳಿದಾಗ ನಾವು ಎರಡು ಬೇರೆ ಬೇರೆ ಸಂಗತಿಗಳನ್ನು ಒಟ್ಟಿಗೆ ಕೇಳುತ್ತಿರುತ್ತೇವೆ. ಮೊದಲನೆಯದು ರುಚಿ ಮತ್ತು ಹದದ್ದು. ಎರಡನೆಯದು, ಅದನ್ನು ತಿನ್ನಬಹುದೇ ಎಂಬುದು. ಮೊದಲನೆಯದಕ್ಕೆ ಒಲೆಯಲ್ಲಿ ಉತ್ತರವಿದೆ. ಎರಡನೆಯದಕ್ಕೆ ಒಲೆಯಲ್ಲಿ ಉತ್ತರವಿಲ್ಲ. ಈ ವ್ಯತ್ಯಾಸ ಸ್ಪಷ್ಟವಾಗಬೇಕಾದರೆ ಪಾಸ್ತಾದೊಳಗೆ ಏನು ನಡೆಯುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ಒಳ್ಳೆಯ ಒಣ ಪಾಸ್ತಾ ತಯಾರಾಗುವುದು ಡ್ಯೂರಮ್ ಎಂಬ ಗಟ್ಟಿ ಗೋಧಿಯ ರವೆಯಿಂದ. ಇಟಲಿಯಲ್ಲಿ ಒಣ ಪಾಸ್ತಾವನ್ನು ಈ ಗೋಧಿಯಿಂದಲೇ ಮಾಡಬೇಕೆಂದು 1967ರಲ್ಲಿ ಕಾನೂನೇ ಬಂತು. ನಮಗೂ ಈ ಗೋಧಿ ಹೊಸದಲ್ಲ. ಉತ್ತರ ಕರ್ನಾಟಕದ ಎರೆ ಹೊಲಗಳಲ್ಲಿ ಮಳೆಯಾಶ್ರಯದಲ್ಲಿ ಬೆಳೆಯುತ್ತಾ ಬಂದ ಗೋಧಿಗಳಲ್ಲಿ ಇದೂ ಒಂದು. ಇದರಲ್ಲಿ ಪ್ರೋಟೀನು ಹೆಚ್ಚು. ರವೆಗೆ ನೀರು ಹಾಕಿ ಒತ್ತಿ ನಾದಿದಾಗ ಈ ಪ್ರೋಟೀನು ಗ್ಲುಟೆನ್ ಎಂಬ ಅಂಟಿನ ಬಲೆಯಾಗುತ್ತದೆ. ಬಲೆಯ ಕಣ್ಣುಗಳಲ್ಲಿ ಪಿಷ್ಟದ ಕಣಗಳು ಸಿಕ್ಕಿಕೊಂಡಿರುತ್ತವೆ. ಪಾಸ್ತಾ ಬೆಂದ ಮೇಲೂ ಆಕಾರ ಉಳಿಸಿಕೊಳ್ಳುವುದು ಈ ಬಲೆಯಿಂದ. ಹೊಟ್ಟೆ ತುಂಬಿಸುವುದು ಮತ್ತು ಮರುದಿನ ಗಟ್ಟಿಯಾಗುವುದು ಪಿಷ್ಟದಿಂದ. ಮೈದಾ ಅಥವಾ ಸಾದಾ ರವೆ ಬೆರೆಸಿ ಮಾಡಿದ ಪಾಸ್ತಾದಲ್ಲಿ ಬಲೆ ದುರ್ಬಲ. ಎರಡನೇ ಸಲ ಬಿಸಿ ಕಂಡಾಗ ಅದು ಬೇಗ ಮುದ್ದೆಯಾಗುತ್ತದೆ. ಮರುದಿನಕ್ಕೂ ಬೇಕು ಎಂದಿದ್ದರೆ ಪೊಟ್ಟಣದ ಹಿಂದೆ ಡ್ಯೂರಮ್ ಎಂದು ಬರೆದಿದೆಯೇ ಎಂದು ನೋಡಿ ಕೊಳ್ಳುವುದು ಒಳ್ಳೆಯದು.

ಪಿಷ್ಟವೆಂದರೆ ಸಕ್ಕರೆಯ ಸಣ್ಣ ಘಟಕಗಳು ಒಂದಕ್ಕೊಂದು ಸೇರಿ ಆದ ಉದ್ದನೆಯ ಸರಪಳಿಗಳ ರಾಶಿ. ಈ ಸರಪಳಿಗಳಲ್ಲಿ ಎರಡು ಬಗೆ. ಕವಲಿಲ್ಲದೆ ಹೆಚ್ಚುಕಡಿಮೆ ನೇರವಾಗಿರುವುದು ಅಮೈಲೋಸ್. ಮೈತುಂಬ ಕವಲೊಡೆದದ್ದು ಅಮೈಲೋಪೆಕ್ಟಿನ್. ಗೋಧಿಯ ಪಿಷ್ಟದಲ್ಲಿ ಸುಮಾರು ಕಾಲು ಭಾಗ ಮೊದಲನೆಯದು, ಮುಕ್ಕಾಲು ಭಾಗ ಎರಡನೆಯದು. ಹಸಿ ಪಿಷ್ಟದಲ್ಲಿ ಈ ಸರಪಳಿಗಳು ಒತ್ತೊತ್ತಾಗಿ ಜೋಡಣೆಗೊಂಡಿರುವುದರಿಂದ ತಣ್ಣೀರು ಒಳಹೋಗಲಾರದು. ನೀರು ಸುಮಾರು 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಬಂದಾಗ ಜೋಡಣೆ ಸಡಿಲವಾಗುತ್ತದೆ, ಕಣಗಳು ನೀರು ಕುಡಿದು ಉಬ್ಬುತ್ತವೆ, ಮೆದುವಾಗುತ್ತವೆ. ನಾವು ಬೇಯುವುದು ಎನ್ನುವುದು ಇದನ್ನೇ. ಸ್ವಲ್ಪ ಅಮೈಲೋಸ್ ಹೊರಕ್ಕೆ ಸೋರಿ ನೀರನ್ನು ಮಬ್ಬಾಗಿಸುತ್ತದೆ.

ಒಲೆ ಆರಿಸಿದ ಕೂಡಲೇ ಇದರ ಹಿಮ್ಮುಖ ಪಯಣ ಶುರುವಾಗುತ್ತದೆ. ತಣಿಯುತ್ತಾ ಹೋದಂತೆ ಸಡಿಲವಾಗಿದ್ದ ಸರಪಳಿಗಳು ಮತ್ತೆ ಪರಸ್ಪರ ಹತ್ತಿರ ಬಂದು ಸಾಲುಗಟ್ಟುತ್ತವೆ. ಅಮೈಲೋಸ್‌ಗೆ ಇದಕ್ಕೆ ಕೆಲವು ಗಂಟೆ ಸಾಕು. ಅಮೈಲೋಪೆಕ್ಟಿನ್‌ಗೆ ದಿನಗಳೇ ಬೇಕು. ಸಾಲುಗಟ್ಟುವಾಗ ನಡುವೆ ಹಿಡಿದಿಟ್ಟುಕೊಂಡಿದ್ದ ನೀರಿನ ಒಂದಂಶವನ್ನು ಅವು ಹೊರಕ್ಕೆ ದೂಡುತ್ತವೆ. ಹದ ಬಿರುಸಾಗುವುದು ಹೀಗೆ. ರಾತ್ರಿಯ ಒತ್ತು ಶಾವಿಗೆ ಬೆಳಿಗ್ಗೆ ಗಟ್ಟಿಯಾಗಿರುವುದಕ್ಕೂ, ತಂಗಳನ್ನ ಅಗುಳು ಅಗುಳಾಗಿ ಉದುರುವುದಕ್ಕೂ, ಬ್ರೆಡ್ ಹಳಸಲಾಗುವುದಕ್ಕೂ ಇದೇ ಕಾರಣ. ಇದನ್ನು ಪಿಷ್ಟದ ಮರುಜೋಡಣೆ ಎಂದು ಕರೆಯೋಣ.

ಈ ಮರುಜೋಡಣೆ ಅತ್ಯಂತ ವೇಗವಾಗಿ ನಡೆಯುವುದು ಸೊನ್ನೆಗಿಂತ ಸ್ವಲ್ಪ ಮೇಲೆ, ಅಂದರೆ ಸರಿಯಾಗಿ ನಮ್ಮ ಫ್ರಿಜ್‌ನ ಉಷ್ಣತೆಯಲ್ಲಿ. ಹೊರಗಿಟ್ಟ ಪಾಸ್ತಾಗಿಂತ ಫ್ರಿಜ್‌ನಲ್ಲಿಟ್ಟದ್ದು ಹೆಚ್ಚು ಗಟ್ಟಿಯಾಗಿ ತೋರುವುದು ಭ್ರಮೆಯಲ್ಲ. ಹಾಗೆಂದು ಹೊರಗೇ ಇಡುವುದು ಉಪಾಯವಲ್ಲ. ಏಕೆಂಬುದು ಮುಂದೆ ಬರುತ್ತದೆ. ಆದರೆ ಫ್ರೀಜರ್‌ನ ಸಂಗತಿ ಬೇರೆ. ಮೈನಸ್ 18 ಡಿಗ್ರಿಯಲ್ಲಿ ನೀರು ಹೆಪ್ಪುಗಟ್ಟಿ ಸರಪಳಿಗಳು ಅಲುಗಾಡದಂತಾಗುವುದರಿಂದ ಮರುಜೋಡಣೆ ಬಹುಮಟ್ಟಿಗೆ ನಿಂತುಬಿಡುತ್ತದೆ. ಸಾಸ್ ಬೆರೆತ ಪಾಸ್ತಾವನ್ನು ವಾರದಾಚೆಗೆ ತಿನ್ನುವ ಯೋಚನೆಯಿದ್ದರೆ ಫ್ರಿಜ್‌ನಲ್ಲಿ ಎರಡು ದಿನ ಬಿಟ್ಟು ಆಮೇಲೆ ಫ್ರೀಜರ್‌ಗೆ ತಳ್ಳುವುದಕ್ಕಿಂತ ಮೊದಲ ದಿನವೇ ಅಲ್ಲಿಗೆ ಹಾಕುವುದು ಲೇಸು.

ಇನ್ನು ಮತ್ತೆ ಬಿಸಿ ಮಾಡಿದಾಗ ಏನಾಗುತ್ತದೆ? ಅಮೈಲೋಪೆಕ್ಟಿನ್‌ನ ಹೊಸ ಜೋಡಣೆ ದುರ್ಬಲವಾದದ್ದು. 50ರಿಂದ 60 ಡಿಗ್ರಿ ತಲುಪಿದರೆ ಅದು ಕರಗಿ ಹದ ಮರಳುತ್ತದೆ. ಅಮೈಲೋಸ್‌ನ ಜೋಡಣೆ ಹಾಗಲ್ಲ. ಅದನ್ನು ಬಿಡಿಸಲು 120 ಡಿಗ್ರಿಗೂ ಮೇಲಿನ ಬಿಸಿ ಬೇಕು. ನೀರಿರುವ ಆಹಾರ ತೆರೆದ ಬಾಣಲೆಯಲ್ಲಿ 100 ಡಿಗ್ರಿ ದಾಟುವುದಿಲ್ಲ. ಆದ್ದರಿಂದ ಮರುದಿನದ ಪಾಸ್ತಾ ಮೊದಲ ದಿನದ್ದರ ಹತ್ತಿರಕ್ಕೆ ಬರುತ್ತದೆಯೇ ಹೊರತು ಅದೇ ಆಗುವುದಿಲ್ಲ. ಇನ್ನೊಂದು ವಿಷಯ: ಜೋಡಣೆ ಕರಗಿದರೂ ಹೊರಗೆ ಹೋದ ನೀರು ತಾನಾಗಿ ವಾಪಸು ಬರುವುದಿಲ್ಲ. ಆ ನೀರನ್ನು ನಾವೇ ಕೊಡಬೇಕು. ಮನೆಯಲ್ಲಿ ಬಿಸಿ ಮಾಡುವವರು ಬಹಳ ಸಲ ಬಿಸಿಯನ್ನು ಮಾತ್ರ ಕೊಟ್ಟು ನೀರನ್ನು ಮರೆಯುತ್ತಾರೆ. ಒಣಗಿದ್ದಕ್ಕೆ ಇನ್ನಷ್ಟು ಉರಿ ಕೊಟ್ಟು ಇನ್ನಷ್ಟು ಒಣಗಿಸುತ್ತಾರೆ.

ಟೊಮೆಟೊ ಸಾಸ್‌ನ ಪಾಸ್ತಾ ಸುಲಭ. ಅಗಲವಾದ ಬಾಣಲೆಗೆ ಒಬ್ಬರ ಪಾಲಿಗೆ ಎರಡು ಮೂರು ಚಮಚ ನೀರು ಹಾಕಿ, ಅದು ಕುದಿ ಬಂದ ಮೇಲೆ ಪಾಸ್ತಾ ಸೇರಿಸಿ, ಮುಚ್ಚಳ ಮುಚ್ಚಿ ಮಧ್ಯಮ ಉರಿಯಲ್ಲಿ ಒಂದೆರಡು ನಿಮಿಷ ಬಿಡಬೇಕು. ಹಬೆ ಒಳಕ್ಕೆ ನುಗ್ಗಿ ಮುದ್ದೆ ಸಡಿಲವಾದ ಮೇಲಷ್ಟೇ ಸೌಟು ಆಡಿಸಬೇಕು. ತಣ್ಣಗಿರುವಾಗಲೇ ಕೆದಕಿದರೆ ತುಂಡಾಗುತ್ತದೆ. ಕೊನೆಗೆ ಮುಚ್ಚಳ ತೆಗೆದು ಹೆಚ್ಚಿನ ನೀರು ಇಂಗುವವರೆಗೆ ಕೈಯಾಡಿಸಿದರೆ ಸಾಸ್ ಮತ್ತೆ ಮೈಗೆ ಹತ್ತುತ್ತದೆ. ಸಾಸ್ ಬೆರೆಸದೆ ಬರೀ ಬೇಯಿಸಿಟ್ಟ ಪಾಸ್ತಾ ಇದ್ದರೆ ಇನ್ನೂ ಸರಳ: ಕುದಿಯುವ ನೀರಿನಲ್ಲಿ ಅರ್ಧ ನಿಮಿಷ ಅದ್ದಿ ತೆಗೆದರೆ ಸಾಕು. ಎಳೆಗಳು ಅಂಟದಿರಲೆಂದು ಹಚ್ಚಿಡುವ ಎಣ್ಣೆ ಅಂಟುವುದನ್ನು ತಡೆಯುತ್ತದೆ, ಗಟ್ಟಿಯಾಗುವುದನ್ನು ತಡೆಯುವುದಿಲ್ಲ.

ಬಿಳಿ ಸಾಸ್‌ಗೆ ತಾಳ್ಮೆ ಬೇಕು. ನಮ್ಮ ಮನೆಗಳಲ್ಲಿ ಅದನ್ನು ಮೈದಾ, ಬೆಣ್ಣೆ, ಹಾಲು ಸೇರಿಸಿ ಮಾಡುವುದು ರೂಢಿ. ತಣಿದಾಗ ಮೈದಾದ ಪಿಷ್ಟವೂ ಮರುಜೋಡಣೆಗೊಂಡು ಸಾಸ್ ಗಡ್ಡೆ ಕಟ್ಟುತ್ತದೆ. ದೊಡ್ಡ ಉರಿಯಲ್ಲಿ ಬಿಸಿ ಮಾಡಿದರೆ ಬೆಣ್ಣೆ ಬೇರ್ಪಟ್ಟು ಮೇಲೆ ಎಣ್ಣೆಯಾಗಿ ನಿಲ್ಲುತ್ತದೆ, ಚೀಸ್‌ನ ಪ್ರೋಟೀನು ಸೆಟೆದು ಗಂಟಾಗುತ್ತದೆ. ಸಣ್ಣ ಉರಿ, ಆಗಾಗ ಒಂದೊಂದು ಚಮಚ ಹಾಲು, ಬಿಡದೆ ಕೈಯಾಡಿಸುವುದು, ಇದಕ್ಕೆ ಇರುವ ದಾರಿ ಇಷ್ಟೇ.

ಮೈಕ್ರೋವೇವ್‌ನ ಬಗ್ಗೆ ದೂರುಗಳೇ ಹೆಚ್ಚು. ದೋಷ ಯಂತ್ರದ್ದಕ್ಕಿಂತ ನಾವು ಅದನ್ನು ಬಳಸುವ ಬಗೆಯದ್ದು. ಅದರ ಅಲೆಗಳು ಆಹಾರದಲ್ಲಿರುವ ನೀರಿನ ಅಣುಗಳನ್ನು ಅಲುಗಾಡಿಸಿ ಬಿಸಿ ಹುಟ್ಟಿಸುತ್ತವೆ. ಮೇಲ್ಮೈಯಿಂದ ಒಂದೆರಡು ಸೆಂಟಿಮೀಟರ್ ಒಳಗೆ ಹೋಗುವಷ್ಟರಲ್ಲಿ ಅವುಗಳ ಬಲದ ಹೆಚ್ಚಿನ ಪಾಲು ಮುಗಿದಿರುತ್ತದೆ. ಅದಕ್ಕಿಂತ ಒಳಗಿನ ಭಾಗಕ್ಕೆ ಬಿಸಿ ತಲುಪಬೇಕಾದದ್ದು ಹೊರಗಿನ ಪದರದಿಂದಲೇ, ನಿಧಾನವಾಗಿ. ಜೊತೆಗೆ ಪೆಟ್ಟಿಗೆಯೊಳಗೆ ಅಲೆಗಳು ಕೆಲವು ಕಡೆ ತೀವ್ರ, ಕೆಲವು ಕಡೆ ಕ್ಷೀಣ. ಗುಡ್ಡೆ ಹಾಕಿದ ಪಾಸ್ತಾದ ಅಂಚು ಸುಡುವಾಗಲೂ ನಡು ತಣ್ಣಗಿರುವುದು ಇದರಿಂದ. ತಟ್ಟೆಯ ನಡುವೆ ಜಾಗ ಖಾಲಿ ಬಿಟ್ಟು ಸುತ್ತ ಬಳೆಯಾಕಾರದಲ್ಲಿ ಹರಡಿ, ಒಂದೆರಡು ಚಮಚ ನೀರು ಚಿಮುಕಿಸಿ, ಹಬೆ ಹೋಗಲು ಸಣ್ಣ ಸಂದಿ ಬಿಟ್ಟು ಮುಚ್ಚಬೇಕು. ಪೂರ್ಣ ಶಕ್ತಿಯಲ್ಲಿ ಒಂದೇ ಸಲ ಮೂರು ನಿಮಿಷ ಕೊಡುವ ಬದಲು ಮಧ್ಯಮ ಶಕ್ತಿಯಲ್ಲಿ ಒಂದೊಂದು ನಿಮಿಷ ಕೊಟ್ಟು, ನಡುನಡುವೆ ತೆಗೆದು ಕಲಸಬೇಕು. ಮುಗಿದ ಮೇಲೆ ಒಂದು ನಿಮಿಷ ಮುಚ್ಚಿಯೇ ಬಿಡಬೇಕು, ಬಿಸಿ ಎಲ್ಲ ಕಡೆ ಹಂಚಿಹೋಗಲಿ ಎಂದು. ಮೈಕ್ರೋವೇವ್ ಇಲ್ಲದವರು ಇಡ್ಲಿ ಪಾತ್ರೆಯಲ್ಲಿ ಬಟ್ಟಲಿಟ್ಟು ಹಬೆಯಲ್ಲಿ ಬಿಸಿ ಮಾಡಬಹುದು. ನೀರು ಮತ್ತು ಬಿಸಿ ಎರಡೂ ಒಟ್ಟಿಗೆ ಸಿಗುವುದರಿಂದ ಸಾದಾ ಪಾಸ್ತಾಗೆ ಅದು ತುಂಬ ಒಳ್ಳೆಯ ವಿಧಾನ.

ಮೆದುವಾಗಿಸುವ ಹಟವನ್ನೇ ಬಿಟ್ಟುಬಿಡುವ ದಾರಿಯೂ ಉಂಟು. ಇಟಲಿಯ ನೇಪಲ್ಸ್‌ನಲ್ಲಿ ಉಳಿದ ಪಾಸ್ತಾಗೆ ಮೊಟ್ಟೆ, ಚೀಸ್ ಕಲಸಿ ಬಾಣಲೆಯಲ್ಲಿ ದಪ್ಪ ರೊಟ್ಟಿಯಂತೆ ಎರಡೂ ಕಡೆ ಹೊಂಬಣ್ಣ ಬರುವವರೆಗೆ ಬೇಯಿಸುತ್ತಾರೆ. ಫ್ರಿಟ್ಟಾಟಾ ಎಂದು ಅದರ ಹೆಸರು. ಪ್ರವಾಸಕ್ಕೆ, ಕಡಲ ತೀರಕ್ಕೆ ಬುತ್ತಿಯಾಗಿ ಕಟ್ಟಿಕೊಂಡು ಹೋಗುವ ತಿನಿಸು. ತಣಿದ ಪಾಸ್ತಾ ಬಿರುಸಾಗಿರುವುದು, ಮೇಲ್ಮೈ ಒಣಗಿರುವುದು ಇಲ್ಲಿ ಅನುಕೂಲ. ಮೇಲಿನ ನೀರು ಬೇಗ ಆರಿ, ಅಲ್ಲಿ ಮಾತ್ರ ಉಷ್ಣತೆ 100 ಡಿಗ್ರಿ ದಾಟಿ ಸುಮಾರು 140ಕ್ಕೆ ಏರಿದಾಗ ಹೊಂಬಣ್ಣವೂ ಹುರಿದ ಪರಿಮಳವೂ ಹುಟ್ಟುತ್ತವೆ. ನಿನ್ನೆಯ ಅನ್ನಕ್ಕೆ ಒಗ್ಗರಣೆ ಹಾಕಿದ ಚಿತ್ರಾನ್ನ ಹೊಸ ಅನ್ನದ್ದಕ್ಕಿಂತ ಉದುರುದುರಾಗಿ ಬರುತ್ತದೆ ಎಂದು ನಮ್ಮ ಮನೆಗಳಲ್ಲಿ ತಿಳಿದಿರುವುದೂ ಇದೇ ಅರಿವು. ಉಳಿದ ಪಾಸ್ತಾಗೆ ಸಾಸಿವೆ, ಕರಿಬೇವು, ಹಸಿಮೆಣಸಿನ ಒಗ್ಗರಣೆ ಕೊಟ್ಟು ತಿನ್ನುವವರನ್ನು ಕಂಡು ಮೂಗು ಮುರಿಯಬೇಕಾಗಿಲ್ಲ. ಶಾವಿಗೆಗೆ ಒಪ್ಪುವುದು ಇದಕ್ಕೂ ಒಪ್ಪುತ್ತದೆ.

ರುಚಿಯ ಮಾತು ಮುಗಿಸುವ ಮುನ್ನ, ಮಧುಮೇಹ ಇರುವವರು ಈಚೆಗೆ ಹೆಚ್ಚಾಗಿ ಕೇಳುವ ಪ್ರಶ್ನೆಯೊಂದನ್ನು ನೋಡಬೇಕು. ತಣಿಸಿ ಮತ್ತೆ ಬಿಸಿ ಮಾಡಿದ ಪಾಸ್ತಾ ಅಥವಾ ಅನ್ನ ರಕ್ತದ ಸಕ್ಕರೆಯನ್ನು ಕಡಿಮೆ ಏರಿಸುತ್ತದೆಯೇ? ಇದರಲ್ಲಿ ಹುರುಳಿದೆ. ಬಿಸಿಗೆ ಕರಗದೆ ಉಳಿಯುವ ಅಮೈಲೋಸ್‌ನ ಜೋಡಣೆಯನ್ನು ನಮ್ಮ ಸಣ್ಣ ಕರುಳಿನ ಜೀರ್ಣರಸಗಳೂ ಸುಲಭವಾಗಿ ಒಡೆಯಲಾರವು. ಅದು ನಾರಿನಂಶದ ಹಾಗೆ ದೊಡ್ಡ ಕರುಳಿಗೆ ಸಾಗುತ್ತದೆ. ಇದನ್ನು ನಿರೋಧಕ ಪಿಷ್ಟ ಎನ್ನುತ್ತಾರೆ. 2014ರಲ್ಲಿ ಬ್ರಿಟನ್ನಿನ ಬಿಬಿಸಿ ಕಾರ್ಯಕ್ರಮಕ್ಕಾಗಿ ಸರ್ರೆ ವಿಶ್ವವಿದ್ಯಾಲಯದ ತಜ್ಞರು ಕೆಲವೇ ಜನರ ಮೇಲೆ ನಡೆಸಿದ ಪ್ರಯೋಗದಲ್ಲಿ, ಮತ್ತೆ ಬಿಸಿ ಮಾಡಿದ ಪಾಸ್ತಾ ತಿಂದಾಗ ರಕ್ತದ ಸಕ್ಕರೆಯ ಏರಿಕೆ ಹೊಸದಾಗಿ ಬೇಯಿಸಿದ್ದಕ್ಕಿಂತ ಅರ್ಧದಷ್ಟಿತ್ತು. ಇಂಡೊನೇಷ್ಯಾದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 100 ಗ್ರಾಂ ಹೊಸ ಅನ್ನದಲ್ಲಿ 0.64 ಗ್ರಾಂ ಇದ್ದ ನಿರೋಧಕ ಪಿಷ್ಟ, 24 ಗಂಟೆ ಫ್ರಿಜ್‌ನಲ್ಲಿಟ್ಟು ಬಿಸಿ ಮಾಡಿದಾಗ 1.65 ಗ್ರಾಂಗೆ ಏರಿತ್ತು. ಎರಡೂವರೆ ಪಟ್ಟು ಎಂದರೆ ದೊಡ್ಡದಾಗಿ ಕೇಳಿಸುತ್ತದೆ. ಆದರೆ ಅದೇ 100 ಗ್ರಾಂ ಅನ್ನದಲ್ಲಿ ಸುಮಾರು 28 ಗ್ರಾಂ ಪಿಷ್ಟವಿರುತ್ತದೆ ಎಂಬುದನ್ನು ಪಕ್ಕದಲ್ಲಿಟ್ಟು ನೋಡಿದರೆ ಬದಲಾದದ್ದು ಒಂದು ಸಣ್ಣ ಪಾಲು. ಎಲ್ಲ ಪ್ರಯೋಗಗಳ ಫಲಿತಾಂಶವೂ ಒಂದೇ ತೆರನಾಗಿಲ್ಲ. ಇದು ಇದ್ದರೆ ಲಾಭ. ಇದನ್ನು ನಂಬಿ ಪ್ರಮಾಣ ಹೆಚ್ಚಿಸಿಕೊಳ್ಳುವುದು ತರವಲ್ಲ.

ಈಗ ಎರಡನೇ ಪ್ರಶ್ನೆ. 2008ರ ಅಕ್ಟೋಬರ್‌ನಲ್ಲಿ ಬೆಲ್ಜಿಯಂನ ಬ್ರಸೆಲ್ಸ್‌ನಲ್ಲಿ 20 ವರ್ಷದ, ಆರೋಗ್ಯವಂತ ವಿದ್ಯಾರ್ಥಿಯೊಬ್ಬ ಐದು ದಿನ ಹಿಂದೆ ಬೇಯಿಸಿ ಅಡುಗೆಮನೆಯಲ್ಲಿ ಹೊರಗೇ ಇಟ್ಟಿದ್ದ ಸ್ಪಾಗೆಟ್ಟಿಯನ್ನು ಮೈಕ್ರೋವೇವ್‌ನಲ್ಲಿ ಬಿಸಿ ಮಾಡಿ ಟೊಮೆಟೊ ಸಾಸ್ ಜೊತೆ ತಿಂದ. ಅರ್ಧ ಗಂಟೆಯಲ್ಲಿ ತಲೆನೋವು, ಹೊಟ್ಟೆನೋವು, ವಾಂತಿ ಶುರುವಾಯಿತು. ಮರುದಿನ ಬೆಳಗಾಗುವಷ್ಟರಲ್ಲಿ ಅವನು ತೀರಿಕೊಂಡಿದ್ದ. 2011ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಈ ಪ್ರಕರಣದಲ್ಲಿ ಕಾರಣವೆಂದು ಗುರುತಿಸಿದ್ದು ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾವನ್ನು.

ಈ ಜೀವಿ ಅಪರೂಪದ್ದಲ್ಲ. ಮಣ್ಣಿನಲ್ಲಿದೆ, ಹಾಗಾಗಿ ಅಕ್ಕಿ, ಗೋಧಿ, ಬೇಳೆಗಳ ಮೇಲೂ ಇರುತ್ತದೆ. ಕಷ್ಟಕಾಲ ಬಂದಾಗ ಇದು ತನ್ನ ಸುತ್ತ ಗಟ್ಟಿ ಕವಚ ಕಟ್ಟಿಕೊಂಡು ಬೀಜಾಣುವಾಗಿ ನಿದ್ರಿಸುತ್ತದೆ. ನಾವು ಪಾಸ್ತಾ ಬೇಯಿಸುವ ಹತ್ತು ನಿಮಿಷದ ಕುದಿತಕ್ಕೆ ಬೀಜಾಣು ಸಾಯುವುದಿಲ್ಲ. ಬದಲಿಗೆ, ಕುದಿತ ಅದರ ಪ್ರತಿಸ್ಪರ್ಧಿಗಳನ್ನೆಲ್ಲ ಕೊಂದು, ನೀರು ಪಿಷ್ಟ ತುಂಬಿದ ಬೆಚ್ಚನೆಯ ಆಹಾರವನ್ನು ಅದೊಂದಕ್ಕೇ ಬಿಟ್ಟುಕೊಡುತ್ತದೆ. ಪಾತ್ರೆ ನಿಧಾನವಾಗಿ ತಣಿಯುತ್ತಾ 50 ಡಿಗ್ರಿಗಿಂತ ಕೆಳಗೆ ಬಂದಾಗ ಬೀಜಾಣು ಮೊಳೆತು, ಬ್ಯಾಕ್ಟೀರಿಯಾ ಬೆಳೆಯತೊಡಗುತ್ತದೆ. ಬೆಳೆದ ಮೇಲೆ ಕೆಲವು ತಳಿಗಳು ಆಹಾರದಲ್ಲೇ ಸೀರಿಯುಲೈಡ್ ಎಂಬ ವಿಷವನ್ನು ಬಿಡುತ್ತವೆ. ಪಾಸ್ತಾಗಿಂತ ಮೊದಲು ಇದು ಸುದ್ದಿಯಾದದ್ದು ಅನ್ನದಿಂದ: 1970ರ ದಶಕದ ಆರಂಭದಲ್ಲಿ ಬ್ರಿಟನ್ನಿನ ಚೀನೀ ಹೋಟೆಲುಗಳಲ್ಲಿ, ರಾತ್ರಿ ಬೇಯಿಸಿ ಹೊರಗಿಟ್ಟು ಮರುದಿನ ಹುರಿದ ಅನ್ನ ತಿಂದವರು ಸಾಲುಸಾಲಾಗಿ ವಾಂತಿ ಮಾಡಿಕೊಂಡಾಗ.

ಚೆನ್ನಾಗಿ ಬಿಸಿ ಮಾಡಿದರೆ ಎಲ್ಲ ಸರಿಹೋಗುತ್ತದೆ ಎಂಬ ನಮ್ಮ ನಂಬಿಕೆ ಕುಸಿಯುವುದು ಈ ವಿಷದ ಮುಂದೆ. ಬ್ಯಾಕ್ಟೀರಿಯಾ ಬಿಸಿಗೆ ಸಾಯುತ್ತದೆ. ಅದು ಬಿಟ್ಟುಹೋದ ವಿಷ ಸಾಯುವ ವಸ್ತುವೇ ಅಲ್ಲ. 121 ಡಿಗ್ರಿಯಲ್ಲಿ ಒಂದೂವರೆ ಗಂಟೆ ಕಾಯಿಸಿದರೂ ಅದು ಉಳಿಯುತ್ತದೆ ಎಂದು ಪ್ರಯೋಗಗಳು ತೋರಿಸಿವೆ. ಪ್ರೆಷರ್ ಕುಕ್ಕರ್‌ನೊಳಗೆ ಇರುವುದೂ ಹೆಚ್ಚೆಂದರೆ ಅಷ್ಟೇ ಬಿಸಿ. ಸಾರಿಗೆ ಬಿದ್ದ ಉಪ್ಪನ್ನು ಕುದಿಸಿ ತೆಗೆಯಲಾಗದಂತೆ ಈ ವಿಷವನ್ನೂ ಕುದಿಸಿ ತೆಗೆಯಲಾಗದು. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಮೂಸಿ ನೋಡಿ ನಿರ್ಧರಿಸುವ ನಮ್ಮ ಹಳೆಯ ಪರೀಕ್ಷೆ ಇಲ್ಲಿ ನಡೆಯುವುದಿಲ್ಲ.

ಹೆದರಿಸುವುದು ಉದ್ದೇಶವಲ್ಲ. ಬ್ರಸೆಲ್ಸ್‌ನಂಥ ಸಾವು ತೀರಾ ಅಪರೂಪ. ಬಹುತೇಕ ಮಂದಿಗೆ ವಾಂತಿ ಅಥವಾ ಭೇದಿಯಾಗಿ ಒಂದು ದಿನದಲ್ಲಿ ಗುಣವಾಗುತ್ತದೆ, ಏಕೆ ಆಯಿತೆಂದು ತಿಳಿಯುವುದೂ ಇಲ್ಲ. ಆದರೆ ಅದೇ ಬೆಲ್ಜಿಯಂನ 2003ರ ಇನ್ನೊಂದು ಪ್ರಕರಣ ನಮಗೆ ಹೆಚ್ಚು ಹತ್ತಿರದ್ದು. ಶುಕ್ರವಾರ ಮಾಡಿದ ಪಾಸ್ತಾ ಸಲಾಡ್ ಶನಿವಾರ ವಿಹಾರಕ್ಕೆ ಹೋಗಿಬಂದು, ಉಳಿದದ್ದು ಫ್ರಿಜ್ ಸೇರಿತು. ಸೋಮವಾರ ರಾತ್ರಿ ಅದನ್ನು ತಿಂದ ಒಂದೇ ಮನೆಯ ಐವರು ಮಕ್ಕಳು ಕಾಯಿಲೆ ಬಿದ್ದರು. ಏಳು ವರ್ಷದ ಹುಡುಗಿ ಉಳಿಯಲಿಲ್ಲ. ತನಿಖೆಯಲ್ಲಿ ಆ ಫ್ರಿಜ್‌ನ ಒಳಗಿನ ಉಷ್ಣತೆ 14 ಡಿಗ್ರಿ ಇತ್ತೆಂದು ಗೊತ್ತಾಯಿತು. ಬ್ಯಾಕ್ಟೀರಿಯಾವನ್ನು ತಡೆಯಲು ಬೇಕಾದದ್ದು 5 ಡಿಗ್ರಿಗಿಂತ ಕಡಿಮೆ. ಬೇಸಿಗೆಯಲ್ಲಿ ಗಂಟೆಗಟ್ಟಲೆ ಕರೆಂಟು ಹೋಗುವ ಊರುಗಳಲ್ಲಿ, ಸಂದಿಯಿಲ್ಲದಂತೆ ಪಾತ್ರೆ ತುಂಬಿದ ಫ್ರಿಜ್‌ನಲ್ಲಿ, ಪದೇಪದೇ ಬಾಗಿಲು ತೆರೆಯುವ ಮನೆಯಲ್ಲಿ ಒಳಗಿನ ಉಷ್ಣತೆ ಎಷ್ಟಿರುತ್ತದೆಂದು ನಾವು ನೋಡಿಯೇ ಇರುವುದಿಲ್ಲ. ಫ್ರಿಜ್‌ಗೆಂದೇ ಸಣ್ಣ ಥರ್ಮಾಮೀಟರ್ ಸಿಗುತ್ತದೆ. ಒಂದನ್ನು ಒಳಗಿಟ್ಟರೆ ಊಹೆಯ ಕಾಟ ತಪ್ಪುತ್ತದೆ.

ಹಾಗಾದರೆ ಗಮನ ಇರಬೇಕಾದದ್ದು ಬೇಯಿಸಿದ ನಂತರದ ಮೊದಲ ಕೆಲವು ಗಂಟೆಗಳ ಮೇಲೆ. ಬೇಯಿಸಿದ ಆಹಾರವನ್ನು ಹೊರಗೆ ಎರಡು ಗಂಟೆಗಿಂತ ಹೆಚ್ಚು ಇಡಬೇಡಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಸೆಖೆ 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆ ಎನ್ನುತ್ತದೆ ಅಮೆರಿಕದ ಕೃಷಿ ಇಲಾಖೆ. ಏಪ್ರಿಲ್ ತಿಂಗಳ ರಾಯಚೂರು, ಕಲಬುರಗಿಗಳ ಅಡುಗೆಮನೆಗೆ ಈ ಎರಡನೇ ಲೆಕ್ಕವೇ ಅನ್ವಯ. ಆಳವಾದ ಪಾತ್ರೆಯಲ್ಲಿ ಗುಡ್ಡೆಯಾಗಿರುವ ಪಾಸ್ತಾದ ಮೇಲ್ಭಾಗ ತಣ್ಣಗಾದರೂ ನಡು ಗಂಟೆಗಟ್ಟಲೆ ಬೆಚ್ಚಗಿರುತ್ತದೆ. ಅಗಲ ತಟ್ಟೆಗೆ ಹರಡಿ, ಫ್ಯಾನಿನ ಕೆಳಗೆ ಇಪ್ಪತ್ತು ಮೂವತ್ತು ನಿಮಿಷ ಆರಿಸಿ, ಆಳ ಕಡಿಮೆ ಇರುವ ಡಬ್ಬಿಗಳಲ್ಲಿ ಫ್ರಿಜ್‌ಗೆ ಸೇರಿಸಬೇಕು. ಪೂರ್ತಿ ತಣಿಯಲಿ ಎಂದು ಮಲಗುವವರೆಗೆ ಕಾಯಬೇಕಾಗಿಲ್ಲ. ಸ್ವಲ್ಪ ಬೆಚ್ಚಗಿದ್ದರೂ ಪರವಾಗಿಲ್ಲ. ಹೀಗಿಟ್ಟದ್ದು ಮೂರು ದಿನ ಚೆನ್ನಾಗಿರುತ್ತದೆ. ತಿನ್ನುವಷ್ಟನ್ನೇ ತೆಗೆದು, ನಡುವೆಯೂ ಹಬೆ ಏಳುವಷ್ಟು ಬಿಸಿ ಮಾಡಬೇಕು; ಬೇರೆ ಬ್ಯಾಕ್ಟೀರಿಯಾಗಳ ಮಟ್ಟಿಗೆ ಆ ಬಿಸಿ ನಿಜವಾಗಿಯೂ ಕಾಪಾಡುತ್ತದೆ. ಇಡೀ ಡಬ್ಬಿಯನ್ನು ಬಿಸಿ ಮಾಡಿ, ಉಳಿದದ್ದನ್ನು ಒಳಗಿಟ್ಟು, ಮತ್ತೆ ಬಿಸಿ ಮಾಡುವ ಅಭ್ಯಾಸ ಬಿಡುವುದು ಒಳಿತು. ರಾತ್ರಿಯಿಡೀ ಹೊರಗುಳಿದದ್ದನ್ನು ಮಾತ್ರ ಯಾವ ವಿಧಾನದಿಂದಲೂ ಉಳಿಸಿಕೊಳ್ಳಲಾಗದು. ಅನ್ನ ಚೆಲ್ಲುವುದು ತಪ್ಪೆಂದು ಕಲಿತು ಬೆಳೆದವರಿಗೆ ಇದು ಕಷ್ಟವೆಂದು ಬಲ್ಲೆ. ಆದರೂ ಚೆಲ್ಲಲೇಬೇಕು.

ನನ್ನ ಅಭಿಪ್ರಾಯ ಎರಡೇ ವಿಷಯಗಳಲ್ಲಿದೆ. ಪಾಸ್ತಾ ಪೊಟ್ಟಣಗಳ ಮೇಲೆ ಎಷ್ಟು ನೀರು, ಎಷ್ಟು ನಿಮಿಷ ಎಂದು ವಿವರವಾಗಿ ಅಚ್ಚಾಗಿರುತ್ತದೆ. ಉಳಿದದ್ದನ್ನು ಎಷ್ಟು ಹೊತ್ತಿನೊಳಗೆ ಫ್ರಿಜ್‌ಗೆ ಸೇರಿಸಬೇಕು ಎಂಬ ಒಂದು ಸಾಲು, ಕನ್ನಡದಲ್ಲೂ, ಅಲ್ಲಿ ಇರಬೇಕು. ಈ ಆಹಾರ ನಮ್ಮ ಅಜ್ಜಿಯರ ಅನುಭವದಲ್ಲಿ ಇರಲಿಲ್ಲವಾದ್ದರಿಂದ ಹೇಳಿಕೊಡುವ ಹೊಣೆ ಮಾರುವವರ ಮೇಲೂ ಇದೆ.

ಇನ್ನೊಂದು, ಉಳಿದದ್ದು ಯಾರ ಪಾಲಿಗೆ ಹೋಗುತ್ತದೆ ಎಂಬುದು. ಮಕ್ಕಳಿಗೆ ಹೊಸದನ್ನು ಬಡಿಸಿ ಹಳೆಯದನ್ನು ತಾನು ತಿನ್ನುವವಳು ಅನೇಕ ಮನೆಗಳಲ್ಲಿ ತಾಯಿ. ನಾವು ತಿನ್ನಲು ಹಿಂಜರಿಯುವ ಮೂರನೇ, ನಾಲ್ಕನೇ ದಿನದ್ದು ಮನೆಗೆಲಸಕ್ಕೆ ಬರುವವರ ಡಬ್ಬಿಗೆ ಹೋಗುತ್ತದೆ. ಅವರು ಅದನ್ನು ಬಿಸಿಲಲ್ಲಿ ಹೊತ್ತು ಇನ್ನೆರಡು ಮನೆಗಳ ಕೆಲಸ ಮುಗಿಸಿ ತಮ್ಮ ಮನೆ ಸೇರುವಾಗ ಮಧ್ಯಾಹ್ನವಾಗಿರುತ್ತದೆ, ತಿನ್ನುವವರು ಅವರ ಮಕ್ಕಳು. ಕೊಡುವ ಮನಸ್ಸಿದ್ದರೆ ಮಾಡಿದ ದಿನವೇ ಕೊಡಬೇಕು, ಅವರು ಮನೆಗೆ ಹೊರಡುವ ಹೊತ್ತಿಗೆ ಫ್ರಿಜ್‌ನಿಂದ ತೆಗೆದು ಕೊಡಬೇಕು, ಇವತ್ತೇ ತಿಂದು ಮುಗಿಸಿ ಎಂದು ಹೇಳಿ ಕೊಡಬೇಕು.